ಖಾಲಿ ಮನೆಗಳಿಗೆ ಗಾಳಿ ಕುಡಿಸುವ ಕೆಂಗ್ ಚೆ

ಬೆಳಗಿನ ಐದೂವರೆ. ಮಲೇಷ್ಯಾದ ಇಪೋ ಊರಿನ ಹಳೇ ಪೇಟೆಯ ಹಗ್ಗದವರ ಓಣಿಯಲ್ಲಿ ಕಾಫಿ ಅಂಗಡಿಯವನು ಇನ್ನೂ ಒಲೆ ಹಚ್ಚುತ್ತಿದ್ದಾನೆ. ಮೊಕ್ ಯೂಕ್ ಕೆಂಗ್ ಆಗಲೇ ಮೂರನೆಯ ಮನೆಯ ಮುಂದೆ ನಿಂತಿದ್ದಾರೆ. ಕೆಳಗೆ ಅಂಗಡಿ, ಮೇಲೆ ಮನೆ; ಅಂಗಡಿಯ ಬಾಯಿಗೆ ಅಡ್ಡಲಾಗಿ ಹನ್ನೆರಡು ನಿಲುವು ಹಲಗೆಗಳು, ಒಂದೊಂದರ ನೆತ್ತಿಗೂ ಮಸಿಯಲ್ಲಿ ಬರೆದ ಅಂಕಿ. ಮೊದಲನೆಯದನ್ನು ಮೇಲಕ್ಕೆತ್ತಿ, ಬುಡವನ್ನು ಕಾಲಿನಿಂದ ಮೆಲ್ಲಗೆ ಒದ್ದು, ಎದೆಗೆ ಆನಿಸಿಕೊಂಡು ಹೊರಗೆ ಎಳೆಯುತ್ತಾರೆ. ಹೀಗೆ ಮೂರು ಹಲಗೆ ತೆಗೆದರೆ ಸಾಕು. ಕತ್ತಲಲ್ಲೇ ಒಳಗೆ ನಡೆದು, ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲಿನ ಅಗುಳಿ ಜಾರಿಸುತ್ತಾರೆ. ಬೀದಿಯ ಗಾಳಿ ಒಳಗೆ ಬಂದು ಹಿಂದಿನ ಓಣಿಗೆ ಹೋಗುತ್ತದೆ.

ಆಮೇಲೆ ಮಹಡಿ ಹತ್ತಿ ಕಿಟಕಿ ತೆಗೆಯುವುದು, ಇಳಿದು ಬಂದು ತೊಟ್ಟಿಯ ಪಕ್ಕ ನಿಲ್ಲುವುದು. ಸೂರಿನ ನಡುವೆ ಆಕಾಶಕ್ಕೆ ತೆರೆದ ಆ ಚೌಕದ ಕೆಳಗೆ ನಿಂತು ಕೆಂಗ್ ಎರಡು ಸಲ ಜೋರಾಗಿ ಮೂಗೆಳೆಯುತ್ತಾರೆ. ಗೆದ್ದಲಿಗೆ ಒಂದು ವಾಸನೆ, ತೇವಕ್ಕೆ ಒಂದು ವಾಸನೆ, ಇಲಿ ಸತ್ತಿದ್ದರಂತೂ ಕೇಳುವುದೇ ಬೇಡ. ಗೋಡೆಗೆ ಅಂಗೈ ಇಡುತ್ತಾರೆ. ನೀರು ಹೋಗುವ ಬಾಯಲ್ಲಿ ಬಿದ್ದ ಕಸ ಬಳಿಯುತ್ತಾರೆ. "ಚೆನ್ನಾಗಿದೀಯ, ಬಿಡು" ಎಂದು ಮನೆಗೊಂದು ಮಾತು ಹೇಳಿ ಮುಂದಿನ ಮನೆಗೆ ಹೊರಡುತ್ತಾರೆ.

ಓಣಿಗೆಲ್ಲ ಅವರು ಕೆಂಗ್ ಚೆ, ಎಂದರೆ ಕೆಂಗಕ್ಕ. ವಯಸ್ಸು ಅರವತ್ಮೂರು. ಕೆಲಸ, ಯಾರೂ ಇಲ್ಲದ ಅಂಗಡಿಮನೆಗಳ ಬಾಗಿಲನ್ನು ದಿನಾ ಬೆಳಗ್ಗೆ ತೆಗೆಯುವುದು, ಮಧ್ಯಾಹ್ನದ ಮಳೆಗೆ ಮುಂಚೆ ಹಾಕುವುದು. ಹದಿನೆಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ.

"ಬೀಗ ಹಾಕಿದ ಮನೆ ಆರು ತಿಂಗಳಿಗೆ ಮುದುಕಿ ಆಗುತ್ತೆ. ಎರಡು ವರ್ಷ ಬಿಟ್ಟು ಬಂದ್ರೆ ಹೆಣ" ಎನ್ನುತ್ತಾರೆ ಕೆಂಗ್ ಚೆ. "ಇಟ್ಟಿಗೆ, ಸುಣ್ಣ, ಮರ ಎಲ್ಲ ಉಸಿರಾಡೋ ವಸ್ತುಗಳು. ಅವಕ್ಕೆ ದಿನಾ ಗಾಳಿ ಕುಡಿಸ್ಬೇಕು. ಇದಕ್ಕೇನು ದೊಡ್ಡ ವಿದ್ಯೆ ಬೇಕಾ? ಬೆಳಗ್ಗೆ ಬೇಗ ಏಳೋಕೆ ಬಂದ್ರೆ ಸಾಕು."

ಈಗ ಅವರ ಕೈಯಲ್ಲಿ ಹತ್ತೊಂಬತ್ತು ಮನೆಗಳ ಕೀಲಿ ಇದೆ. ಒಂದು ಸುತ್ತಿಗೆ ಐವತ್ತೇಳು ಹಲಗೆ ತೆಗೆಯಬೇಕು, ಮೂವತ್ತೆಂಟು ಬಾಗಿಲು ಕಿಟಕಿಗಳ ಜೊತೆ ಗುದ್ದಾಡಬೇಕು, ಮೆಟ್ಟಿಲು ಎಷ್ಟು ಎಂದು ಮಾತ್ರ ಕೇಳಬಾರದು. "ಎಣಿಸಿದ ದಿನವೇ ಮಂಡಿ ನೋಯೋದು" ಎಂದು ನಗುತ್ತಾರೆ. ಎಂಟು ಗಂಟೆಗೆ ಸುತ್ತು ಮುಗಿದ ಮೇಲೆ ತೆಂಗಿನ ಹಾಲಿನ ಕಾಯಾ ಜಾಮು ಹಚ್ಚಿದ ರೊಟ್ಟಿ, ಕಪ್ಪು ಕಾಫಿ. ಕಾಫಿಯನ್ನು ಬಸಿಗೆ ಸುರಿದುಕೊಂಡೇ ಕುಡಿಯಬೇಕು ಅವರಿಗೆ.

ಈ ಏಪ್ರಿಲ್‌ವರೆಗೆ ಮನೆಗಳು ಇಪ್ಪತ್ತೆರಡಿದ್ದವು. ಅದರಲ್ಲಿ ಹದಿನೇಳನೇ ನಂಬರಿನದು ಹಕ್ಕಿಗಳ ಪಾಲಾಗುವುದೋ ಮನುಷ್ಯರ ಪಾಲಾಗುವುದೋ ಎಂದು ಕೆಂಗ್ ಚೆ ಈ ವರ್ಷ ಎರಡು ತಿಂಗಳು ಅನ್ನ ಸೇರದೆ ಓಡಾಡಿದರು. ಅದು ಅವರಿಗೆ ಮೊದಲು ಸಿಕ್ಕ ಮನೆ. ಅವರು ಹಾಳು ಮಾಡಿದ್ದೂ ಅದೊಂದೇ ಮನೆಯನ್ನು.

ಅವರ ಅವ್ವ ಕಿಂತಾ ಹೊಳೆಯಲ್ಲಿ ಮರದ ಬೋಗುಣಿ ಹಿಡಿದು ತವರದ ಅದಿರು ತೊಳೆಯುತ್ತಿದ್ದವರು. ಕೆಂಗ್ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರು, ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿದರು, ಕಾರ್ಖಾನೆ ಮುಚ್ಚಿದ ಮೇಲೆ ಹದಿನೇಳನೇ ನಂಬರಿನ ತೋಂಗ್ ಮನೆತನದ ಚಹಾಸೊಪ್ಪಿನ ಮಂಡಿಯಲ್ಲಿ ಕಸ ಗುಡಿಸಲು ಸೇರಿದರು. ಅದಿರು ಬರಿದಾದ ಮೇಲೆ ಪೇಟೆಯೂ ಬರಿದಾಗುತ್ತ ಬಂದಿತ್ತು. ಮಂಡಿ ಮುಚ್ಚುವ ದಿನ ಮುದುಕ ತೋಂಗ್ ಯಜಮಾನರು ಕೀಲಿಯನ್ನು ಇವರ ಕೈಗಿಟ್ಟು, "ದಿನಕ್ಕೊಂದು ಸಲ ಗಾಳಿ ಆಡಿಸಮ್ಮ, ಯಾರಾದರೂ ಬರ್ತಾರೆ" ಎಂದರು. ಯಜಮಾನರು ತೀರಿಹೋದರು, ಯಾರೂ ಬರಲಿಲ್ಲ. ಪಕ್ಕದವರು ತಮ್ಮ ಕೀಲಿಯನ್ನೂ ಕೊಟ್ಟರು, ಎದುರಿನವರೂ ಕೊಟ್ಟರು. ಒಡೆಯರೆಲ್ಲ ಕೌಲಾಲಂಪುರ, ಸಿಂಗಪುರ, ಆಚೆ ಸಮುದ್ರ. ಒಂದು ಕಾಲಕ್ಕೆ ಮೂವತ್ತೊಂದು ಮನೆಗಳಾಗಿದ್ದವು. ಮೂರರ ಸೂರು ಕುಸಿದವು, ಆರಕ್ಕೆ ಬಾಡಿಗೆಯವರು ಬಂದರು. ಒಂದು ಮನೆಗೆ ಜನ ಬಂದರೆ ಕೆಂಗ್ ಚೆಗೆ ಒಂದು ಮನೆಯ ಸಂಬಳ ಖೋತಾ. ಆದರೂ ಬಾಡಿಗೆಗೆ ಮನೆ ನೋಡಲು ಬಂದವರನ್ನು ಕೈ ಹಿಡಿದು ಒಳಗೆ ಕರೆದೊಯ್ದು, ಅಟ್ಟದ ತೊಲೆಯವರೆಗೆ ತೋರಿಸುವವರೂ ಇವರೇ.

ಹಳೇ ಪೇಟೆಗೆ ಮರುಜೀವ ಕೊಡುವ ಬಗ್ಗೆ ಈ ಊರಲ್ಲಿ ಸಭೆಗಳಿಗೇನೂ ಬರವಿಲ್ಲ. ತಜ್ಞರು ನಕ್ಷೆ ಹರಡುತ್ತಾರೆ. ಗೋಡೆಗಳ ಮೇಲೆ ದೊಡ್ಡ ಚಿತ್ರ ಬರೆಸುತ್ತಾರೆ. ಶನಿವಾರ ಭಾನುವಾರ ಆ ಚಿತ್ರಗಳ ಮುಂದೆ ಒಂಟಿಕಾಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರ ಸಾಲು, ಸೋಮವಾರ ಓಣಿ ಮತ್ತೆ ಭಣಭಣ. ಇಷ್ಟು ವರ್ಷ ಬೀಗ ಬಿದ್ದರೂ ಈ ಕಟ್ಟಡಗಳು ಹೇಗೆ ಉಳಿದವು ಎಂದು ಸಭೆಯಲ್ಲಿ ಯಾರಾದರೂ ಆಶ್ಚರ್ಯಪಟ್ಟಾಗ ಉತ್ತರ ಹೊರಗೆ ಐದಡಿ ಜಗಲಿಯ ಮೇಲೆ ಪೊರಕೆ ಹಿಡಿದು ನಿಂತಿರುತ್ತದೆ. ಒಳಗೆ ಕರೆದವರಿಲ್ಲ.

"ಕರೆದ್ರೂ ಏನ್ ಹೇಳ್ಲಿ?" ಎನ್ನುತ್ತಾರೆ ಕೆಂಗ್ ಚೆ. "ಫೋಟೊ ತೆಗೆಯೋರು ಬರ್ಲಿ, ಬೇಡ ಅನ್ನಲ್ಲ. ಆದ್ರೆ ಅವ್ರು ನಾಳೆ ಬೆಳಗ್ಗೆ ಬಂದು ಹಲಗೆ ತೆಗೀತಾರಾ? ಒಂದು ಅಂಗಡೀಗೆ ಬೇಕಾದ್ದು ನಾಳೇನೂ ಇಲ್ಲೇ ಇರೋರು."

ಓಣಿಯಲ್ಲಿ ಅವರ ಬಗ್ಗೆ ಒಂದೇ ಒಂದು ದೂರು. ಚೀನೀ ಹೊಸ ವರ್ಷದ ಮೊದಲೆರಡು ದಿನ ಪೊರಕೆ ಮುಟ್ಟಬಾರದು, ಮುಟ್ಟಿದರೆ ಬಂದ ಅದೃಷ್ಟವನ್ನು ಗುಡಿಸಿ ಹೊರಗೆ ಹಾಕಿದಂತೆ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಮಾತು. ಕೆಂಗ್ ಚೆ ಮಾತ್ರ ಒಂಬತ್ತು ವರ್ಷದಿಂದ ಹೊಸ ವರ್ಷದ ಬೆಳಗ್ಗೆಯೇ ಬರಬರ ಎಂದು ಗುಡಿಸುತ್ತಾರೆ. ಜಾತಿ ಕೆಟ್ಟಳು ಎಂದವರಿದ್ದಾರೆ. ಕಾಫಿ ಅಂಗಡಿಯವನಂತೂ ತನಗೆ ಲಾಟರಿ ಹೊಡೆಯದಿದ್ದಾಗಲೆಲ್ಲ, "ಹೊಡೆಯೋದು ಹ್ಯಾಗೆ? ನಮ್ಮೋಣಿ ಲಕ್ಕೆಲ್ಲ ಕೆಂಗ್ ಚೆ ಮೊರದಲ್ಲಿ ಹೋಯ್ತಲ್ಲ" ಎಂದು ಗಿರಾಕಿಗಳ ಮುಂದೆ ಗೊಣಗುತ್ತಾನೆ. ಕೆಂಗ್ ಚೆ ನಕ್ಕು ಸುಮ್ಮನಾಗುತ್ತಿದ್ದರು. ಯಾಕೆ ಗುಡಿಸುತ್ತೀ ಎಂದು ನೆಟ್ಟಗೆ ಕೇಳಿದವರಿಗೂ ಉತ್ತರ ಕೊಟ್ಟಿರಲಿಲ್ಲ.

ಹದಿನೇಳನೇ ನಂಬರಿಗೆ ಈಗ ವಾರಸುದಾರರು ಎಂಟು ಜನ. ಹತ್ತು ಜನ ಸೇರಿದ ಕಡೆ ಹಾವು ಸಾಯದು ಎಂಬಂತೆ ಅವರ ಯಾವ ತೀರ್ಮಾನವೂ ಮುಂದೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಹಕ್ಕಿ ವ್ಯಾಪಾರಿಯೊಬ್ಬ ಬಂದ. ಜೊಲ್ಲಿನಿಂದ ಗೂಡು ಕಟ್ಟುವ ಬಾನಾಡಿ ಹಕ್ಕಿಗಳನ್ನು ಮನೆಯೊಳಗೆ ಸಾಕಿ, ಆ ಗೂಡನ್ನು ಸೂಪಿಗೆ ಮಾರುವ ವ್ಯಾಪಾರ. ಅದಕ್ಕೆ ಕತ್ತಲು ಬೇಕು, ತೇವ ಬೇಕು. ಕಿಟಕಿಗಳಿಗೆ ಇಟ್ಟಿಗೆ ಕಟ್ಟುತ್ತಾರೆ, ತೊಟ್ಟಿಯ ಮೇಲೆ ತಗಡು ಹೊದಿಸುತ್ತಾರೆ, ಹಗಲೂ ರಾತ್ರಿ ಧ್ವನಿಪೆಟ್ಟಿಗೆಯಲ್ಲಿ ಹಕ್ಕಿಯ ಕೂಗು. ಅಂಥ ಮನೆ ಹತ್ತು ವರ್ಷಕ್ಕೆ ಒಳಗಿನಿಂದ ಹಿಟ್ಟಾಗುತ್ತದೆ. ಐದು ವರ್ಷದ ಕರಾರಿಗೆ ಅವನು ಹೇಳಿದ ಬಾಡಿಗೆಯನ್ನು ಹಗ್ಗದವರ ಓಣಿ ಈವರೆಗೆ ಕೇಳಿರಲಿಲ್ಲ.

ಅದೇ ಮನೆಯನ್ನು ಇನ್ನೊಬ್ಬರೂ ಕೇಳಿದ್ದರು. ರೊಕಿಯಾ, ಬಾಜು ಎನ್ನುವ ಹೆಂಗಸರ ನಿಲುವಂಗಿ ಹೊಲಿಯುವ ದರ್ಜಿ, ಐವತ್ತರ ಆಸುಪಾಸು. ಹೊಸ ಪೇಟೆಯ ಮಾಲ್ ಒಂದರ ಮೂರನೇ ಮಹಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಹೊಲಿದು ಹೊಲಿದು ಬೇಸತ್ತವರು. ಮಾರ್ಚಿನಲ್ಲಿ ಕೆಂಗ್ ಚೆ ಅವರನ್ನು ಒಳಗೆ ಕರೆದೊಯ್ದಾಗ ತೊಟ್ಟಿಯ ಬೆಳಕಿಗೆ ಎರಡು ದಾರದುಂಡೆ ಹಿಡಿದು ನೋಡಿ, "ಅಯ್ಯೋ ಅಕ್ಕಾ, ಇವೆರಡೂ ಒಂದೇ ಹಸಿರು ಅಂದ್ಕೊಂಡು ನಾಲ್ಕು ತಿಂಗಳಿಂದ ಹೊಲೀತಿದೀನಿ!" ಎಂದು ಹಣೆ ಚಚ್ಚಿಕೊಂಡರು. ಕೆಂಗ್ ಚೆ ಮನಸ್ಸಿನಲ್ಲೇ ಮನೆ ಕೊಟ್ಟುಬಿಟ್ಟರು. ಆದರೆ ಮನೆ ಅವರದಲ್ಲವಲ್ಲ.

ಏಪ್ರಿಲ್‌ನ ಚಿಂಗ್ ಮಿಂಗ್‌ಗೆ, ಹಿರಿಯರ ಗೋರಿ ಗುಡಿಸಲು, ಚೆದುರಿಹೋದ ಮನೆತನಗಳೆಲ್ಲ ಊರಿಗೆ ಬರುತ್ತವೆ. ತೋಂಗ್ ಕುಟುಂಬವೂ ಬಂತು. ಬೆಟ್ಟದ ಗೋರಿಗೆ ಹೋಗಿ ಬಂದು, ಹದಿನೇಳನೇ ನಂಬರಿನ ನಡುಮನೆಯಲ್ಲಿ ಮಡಿಸುವ ಮೇಜು ಹಾಕಿ, ಎಡೆ ಇಟ್ಟ ಹುರಿದ ಹಂದಿಮಾಂಸ ಹಂಚಿಕೊಂಡು ಕುಳಿತರು. ಹಿರಿಯವರು ವೈ ಹುಂಗ್, ನಿವೃತ್ತ ಹೆಡ್ಮಾಸ್ಟರು. ಪಕ್ಕದ ಮನೆಯ ತಗಡುಗೆಲಸದ ಫೂ ಸೆಕ್ ಲಮ್ ಅವರನ್ನೂ ಚಹಾಕ್ಕೆ ಕರೆದಿದ್ದರು. ನೀರು ಹನಿಸುವ ಡಬ್ಬ, ಅಂಚೆಪೆಟ್ಟಿಗೆ ಮಾಡುವ ಎಪ್ಪತ್ತೊಂದರ ಫೂ ಓಣಿಗೆಲ್ಲ ಫೂ ಕೋ, ಎಂದರೆ ಫೂ ಅಣ್ಣ. ಕೆಂಗ್ ಚೆ ಚಹಾ ಬಗ್ಗಿಸುತ್ತಿದ್ದರು. ಹಕ್ಕಿ ವ್ಯಾಪಾರಿಯ ಕರಾರುಪತ್ರ ಮೇಜಿನ ಮೇಲಿತ್ತು.

"ಸಹಿ ಹಾಕಣ್ಣ, ಹೊತ್ತಾಯ್ತು. ಹೆದ್ದಾರೀಲಿ ಗಾಡಿ ಸಾಲು ನಿಲ್ಲುತ್ತೆ" ಎಂದರು ತಂಗಿ ಲಾಯ್ ಫನ್.

"ದರ್ಜಿ ಹೆಂಗಸು ಕೇಳಿದಾಳಂತಲ್ಲ?" ಯಾರೋ ಎಂದರು.

ಹೆಡ್ಮಾಸ್ಟರು ಕೈಯಾಡಿಸಿದರು. "ನಾಳೆ ಇನ್ನೊಂದು ಗೋಡೆ ಬಿದ್ದು ಅವಳ ತಲೆ ಒಡೆದ್ರೆ ಜವಾಬ್ದಾರಿ ಯಾರದು? ಹೊಸ ವರ್ಷದ ದಿನ ಗೋಡೆ ಬಿದ್ದ ಮನೆ ಇದು. ಹೊಸ ವರ್ಷದ ದಿನ! ನಮ್ಮೋರು ಯಾರು ಬರ್ತಾರೆ? ಹಕ್ಕಿಗಳಿಗೆ ಪಂಚಾಂಗ ಗೊತ್ತಿಲ್ಲ, ಅವಕ್ಕೇ ಕೊಡೋಣ." ಎಲ್ಲರೂ ನಕ್ಕರು.

ಒಂಬತ್ತು ವರ್ಷದ ಹಿಂದೆ ಹದಿನೇಳಕ್ಕೂ ಫೂ ಅವರ ಅಂಗಡಿಗೂ ನಡುವಿನ ಗೋಡೆಯ ಆಳೆತ್ತರದ ತುಂಡು ಹೊಸ ವರ್ಷದ ಎರಡನೇ ದಿನ ಕುಸಿದು, ಫೂ ಮಾಡಿಟ್ಟಿದ್ದ ಮೂವತ್ತು ಡಬ್ಬಗಳು ಅಪ್ಪಚ್ಚಿಯಾಗಿದ್ದವು. ತೋಂಗ್ ಮನೆತನ ಗೋಡೆ ಕಟ್ಟಿಸಿಕೊಟ್ಟಿತು. ಮನೆಗೆ ಮಾತ್ರ ಕೆಟ್ಟ ಹೆಸರು ಅಂಟಿತು. ಬಾಡಿಗೆ ಕೇಳುವವರು ಹೊಸಿಲವರೆಗೆ ಬಂದು ಹಿಂದೆ ಹೋಗುತ್ತಿದ್ದರು. ಆ ಗೋಡೆಯ ಮಾತು ಬಂದಾಗಲೆಲ್ಲ ಕೆಂಗ್ ಚೆ ಅಲ್ಲಿಂದ ಎದ್ದುಹೋಗುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು.

ಆ ದಿನ ಎದ್ದುಹೋಗಲಿಲ್ಲ. ಚಹಾದ ಕುಡಿಕೆಯನ್ನು ಮೇಜಿನ ಮೇಲಿಟ್ಟರು.

"ಮೇಷ್ಟ್ರೇ, ಗೋಡೆ ತಾನಾಗಿ ಬೀಳಲಿಲ್ಲ. ನಾನು ಬೀಳಿಸಿದ್ದು."

"ಏನಂದೆ?"

"ಹೊಸ ವರ್ಷದ ಬೆಳಗ್ಗೆ ಬಾಗಿಲು ತೆಗೆಯೋಕೆ ಬಂದೆ. ತೊಟ್ಟಿ ನೀರು ಹೋಗೋ ಬಾಯಿ ಮೇಲೆ ಬಾದಾಮಿ ಮರದೆಲೆ ಬಿದ್ದಿತ್ತು, ಇಷ್ಟಿಷ್ಟಗಲ. ತೆಗೆಯೋಣ ಅಂತ ಬಗ್ಗಿದೋಳು, ಅಯ್ಯೋ ಇವತ್ತು ಗುಡಿಸಬಾರದು, ಯಜಮಾನ್ರ ಮನೆ ಅದೃಷ್ಟ ನನ್ನ ಕೈಯಿಂದ ಯಾಕೆ ಹೋಗ್ಬೇಕು ಅಂತ ಹಂಗೇ ಬಿಟ್ಟೆ. ಮಧ್ಯಾಹ್ನ ಶುರುವಾದ ಮಳೆ ನಿಲ್ಲಲೇ ಇಲ್ಲ. ಎಲೆ ಬಾಯಿ ಮುಚ್ಚಿತ್ತು. ಸುಣ್ಣದ ಗೋಡೆ ಇಡೀ ರಾತ್ರಿ ಮೊಣಕಾಲುದ್ದ ನೀರಲ್ಲಿ ನೆನೆದ್ರೆ ನಿಂತೀತಾ? ಬೆಳಗ್ಗೆ ಬಂದಾಗ ಬಿದ್ದಿತ್ತು. ಜನ ಸೇರೋಕೆ ಮುಂಚೆ ಎಲೆ ತೆಗೆದು ಜೇಬಿಗೆ ಹಾಕ್ಕೊಂಡೆ."

ಫೂ ಕೋ ಬಟ್ಟಲು ಕೆಳಗಿಟ್ಟು ಎದ್ದು ಹೋದರು.

"ಒಂಬತ್ತು ವರ್ಷ ಬಾಯಿ ಯಾಕೆ ಬಿಡಲಿಲ್ಲ?" ಕೇಳಿದರು ಹೆಡ್ಮಾಸ್ಟರು.

"ಕೀಲಿ ಕಿತ್ಕೋತೀರ ಅಂತ."

"ಈಗ್ಯಾಕೆ ಹೇಳ್ತಿದೀಯ?"

"ಮನೇನೇ ಹೋಗ್ತಿದೆಯಲ್ಲ ಮೇಷ್ಟ್ರೇ. ಕೀಲಿ ಇಟ್ಕೊಂಡು ಏನ್ ಮಾಡ್ಲಿ? ಮನೇದೇನೂ ತಪ್ಪಿಲ್ಲ, ಗಟ್ಟಿಮುಟ್ಟಾಗಿದೆ. ಬೈಯೋದಿದ್ರೆ ನನ್ನ ಬೈರಿ, ಅದನ್ನ ಕುರುಡು ಮಾಡ್ಬೇಡಿ."

ಮೇಷ್ಟ್ರಲ್ಲವೇ, ಪರೀಕ್ಷೆ ಮಾಡದೆ ಬಿಟ್ಟಾರೆಯೇ? ಎದ್ದು ತೋಳು ಮಡಿಸಿದರು. ಹಿತ್ತಿಲ ನಲ್ಲಿಯಿಂದ ಬಕೆಟುಗಟ್ಟಲೆ ನೀರು ತರಿಸಿ ತೊಟ್ಟಿಗೆ ಸುರಿಸಿದರು, ಹದಿನಾಲ್ಕು ಬಕೆಟು. ಮನೆಯ ಲಕ್ಷ್ಮಿ ನೆಟ್ಟಗೆ ಓಡಿಹೋಗಬಾರದೆಂದು ಇಲ್ಲಿನ ಮೋರಿಗಳನ್ನು ಸೊಟ್ಟಗೆ ಕಟ್ಟಿರುತ್ತಾರೆ. ನೀರು ಆ ತಿರುವಿನಲ್ಲಿ ಗುಡುಗುಡು ಎಂದು ಸುತ್ತಿ ಹೊರಗೆ ಹೋಯಿತು. ಹೆಡ್ಮಾಸ್ಟರು ಕನ್ನಡಕ ಹಣೆಗೇರಿಸಿ, ನಾಲ್ಕೂ ಗೋಡೆಗಳ ಬುಡಕ್ಕೆ ಅಂಗೈ ಇಟ್ಟು ನೋಡಿದರು. ಒಣಗಿತ್ತು. ಕರಾರುಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಯೋಚನೆ ಮಾಡ್ಬೇಕು" ಎಂದು ಕಾರು ಹತ್ತಿದರು. ಲಾಯ್ ಫನ್ ಕೆಂಗ್ ಚೆಯ ಮುಖವನ್ನೂ ನೋಡದೆ ಹೋದರು.

ಓಣಿಯಲ್ಲಿ ಮಾತು ಬೆಂಕಿಗಿಂತ ಬೇಗ ಹಬ್ಬುತ್ತದೆ. ಒಂಬತ್ತನೇ ನಂಬರಿನವರೂ ಹದಿನಾಲ್ಕರವರೂ ವಾರದೊಳಗೆ ಕೀಲಿ ವಾಪಸು ತರಿಸಿಕೊಂಡರು. ಆ ಎರಡು ಮನೆ ಇಂದಿಗೂ ಮುಚ್ಚಿವೆ; ಅವುಗಳ ಮುಂದೆ ಹಾಯುವಾಗ ಕೆಂಗ್ ಚೆ ಸಂದಿಗೆ ಮೂಗು ಒಡ್ಡಿ ನೋಡುತ್ತಾರೆ, ಹದಿನಾಲ್ಕರಲ್ಲಿ ಆಗಲೇ ಮುಗ್ಗಲು ವಾಸನೆಯಂತೆ. ಫೂ ಕೋ ಮಾತು ಬಿಟ್ಟರು. ಎದುರಿಗೆ ಸಿಕ್ಕರೆ ತಗಡು ಬಡಿಯುವ ಸುತ್ತಿಗೆ ಇನ್ನೂ ಜೋರಾಗುತ್ತಿತ್ತು. "ಬೈದಿದ್ರೆ ಸರಿ ಹೋಗ್ತಿತ್ತು. ಬೈಲಿಲ್ಲ ಆ ಮನುಷ್ಯ. ಅವತ್ತು ಅನ್ನ ಇಳೀಲಿಲ್ಲ ಕಣಮ್ಮ" ಎನ್ನುತ್ತಾರೆ ಕೆಂಗ್ ಚೆ.

ಮೂರನೇ ವಾರ ಫೂ ಕೋ ಒಂದು ಗೋಣಿಚೀಲ ಎಳೆದುಕೊಂಡು ಬಂದು, ಕಾಫಿ ಅಂಗಡಿಯಲ್ಲಿ ಕೆಂಗ್ ಚೆಯ ಕಾಲ ಬಳಿ ದಢಾರನೆ ಇಟ್ಟರು. ಒಳಗೆ ತಗಡಿನ ಸೋಸುತಟ್ಟೆಗಳು, ಬೋರಲು ಬಟ್ಟಲಿನ ಹಾಗೆ ಉಬ್ಬಿದವು, ಮೈತುಂಬ ತೂತು.

"ತೊಟ್ಟಿ ಬಾಯಿಗೆ ಕೂರಿಸು. ಎಲೆ ಮೇಲೆ ನಿಲ್ಲುತ್ತೆ, ನೀರು ಪಕ್ಕದಲ್ಲಿ ಹೋಗುತ್ತೆ. ಇನ್ನಾದ್ರೂ ಹಬ್ಬದ ದಿನ ಮನುಷ್ಯರ ಹಾಗೆ ಕೂತು ಉಣ್ಣು."

"ಎಷ್ಟಿವೆ ಫೂ ಕೋ?"

"ಇಪ್ಪತ್ತು. ಹದಿನೇಳಕ್ಕೂ ಸೇರಿಸಿ."

"ಹದಿನೇಳು ಏನಾಗುತ್ತೋ ಇನ್ನೂ ಗೊತ್ತಿಲ್ಲವಲ್ಲ."

"ಮಾಡಿದೀನಲ್ಲ, ತಗೊಂಡು ಹೋಗು. ನನ್ನ ಮೂವತ್ತು ಡಬ್ಬ ಮಾತ್ರ ಸಾಯೋವರೆಗೂ ಮರೆಯಲ್ಲ ನಾನು, ಹೇಳಿದೀನಿ!"

ಹೆಡ್ಮಾಸ್ಟರ ಫೋನು ಬಂದದ್ದು ಮೇ ಮೊದಲ ವಾರ. ಎಂಟರಲ್ಲಿ ಐದು ಮತ ಮನುಷ್ಯರ ಕಡೆಗೆ. ರೊಕಿಯಾಗೆ ಮೂರು ವರ್ಷದ ಕರಾರು; ತೊಟ್ಟಿಗೆ ಏನನ್ನೂ ಮುಚ್ಚುವಂತಿಲ್ಲ, ಕಿಟಕಿಗೆ ಇಟ್ಟಿಗೆ ಕಟ್ಟುವಂತಿಲ್ಲ, ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತುವಂತಿಲ್ಲ. ಷರತ್ತುಗಳನ್ನು ಹೆಡ್ಮಾಸ್ಟರು ಓದಿ ಹೇಳಿ, "ಇನ್ನೇನಾದ್ರೂ ಬಿಟ್ಟಿದೀನಾ ಕೆಂಗ್?" ಎಂದು ಕೇಳಿದರಂತೆ. ಹದಿನೆಂಟು ವರ್ಷದಲ್ಲಿ ಆ ಮನೆಯ ಬಗ್ಗೆ ಒಡೆಯರು ಅವರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. "ಬೆಳಗ್ಗೆ ಹಿತ್ತಿಲ ಬಾಗಿಲು ತೆಗೆಯೋಕೆ ಹೇಳಿ ಮೇಷ್ಟ್ರೇ" ಎಂದು ಸೇರಿಸಿದ್ದು ಕೆಂಗ್ ಚೆ. ಅದೂ ಕರಾರಿನಲ್ಲಿದೆ. ಮರುದಿನವೇ ಕೀಲಿಯನ್ನು ರೊಕಿಯಾ ಕೈಗೆ ಕೊಟ್ಟರು.

ಈಗ ಜೂನ್. ಬೆಳಗ್ಗೆ ಹತ್ತು ಗಂಟೆಗೆ ಕೆಂಗ್ ಚೆ ಹರಿದ ಅಂಗಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹದಿನೇಳನೇ ನಂಬರಿನ ಮುಂದೆ ನಿಲ್ಲುತ್ತಾರೆ. ನಡುಮನೆಯಲ್ಲಿ ಎರಡು ಹೊಲಿಗೆ ಯಂತ್ರ. ತೊಟ್ಟಿಯ ಸುತ್ತ ಹಗ್ಗಕ್ಕೆ ತೂಗುಬಿಟ್ಟ ಹಸಿರು, ಕೇಸರಿ, ನೇರಳೆ ಬಟ್ಟೆಗಳು. ಮುಂದಿನ ತಿಂಗಳು ಯಾರದೋ ಮದುವೆ, ಅಳತೆ ಕೊಡಲು ಬಂದ ಹೆಂಗಸರು ಜಗಲಿಯವರೆಗೂ ಕುಳಿತಿದ್ದಾರೆ. ಕೆಂಗ್ ಚೆ ಅಭ್ಯಾಸಬಲದಿಂದ ನೆಟ್ಟಗೆ ಒಳಗೆ ಕಾಲಿಡುತ್ತಾರೆ.

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡ ರೊಕಿಯಾ ಕೈಯೆತ್ತಿ ತಡೆಯುತ್ತಾರೆ. ಪಿನ್ನು ತೆಗೆದು, "ಅಕ್ಕಾ, ಪಾಳಿ ಇದೆ. ನಾಲ್ಕು ಜನ ಆದ್ಮೇಲೆ ನೀವು. ಬೇಜಾರು ಮಾಡ್ಕೋಬೇಡಿ" ಎನ್ನುತ್ತಾರೆ.

ಕೆಂಗ್ ಚೆ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಪಕ್ಕದ ಅಂಗಡಿಯಿಂದ ಫೂ ಕೋ ತಲೆ ಹಾಕಿ ನೋಡಿ ಗಹಗಹಿಸುತ್ತಾರೆ. "ಏನೇ ಕೆಂಗ್, ನಿನ್ನನ್ನೇ ಹೊರಗೆ ಕೂರಿಸಿದ್ಲಾ? ನಿನಗೂ ಪಾಳಿನಾ?"

"ಹೂಂ ಫೂ ಕೋ" ಎನ್ನುತ್ತಾರೆ ಕೆಂಗ್ ಚೆ, ಇಡೀ ಓಣಿಗೆ ಕೇಳುವ ಹಾಗೆ. "ಐದನೇ ಪಾಳಿ ನಂದು. ಖಾಲಿ ಬಿದ್ದಿದ್ದ ಈ ಮನೇಲಿ ಪಾಳಿಗೇ ಐದು ಜನ!"